ಸೂಜಿ ಕಳಿಸಿದ ಹನ್ನೆರಡು ಉತ್ತರ

೪ ಫೆಬ್ರವರಿ ೧೯೮೯

ಸೂಜಿ,

ಬದುಕಿದ್ದೀಯಾ? ಇದರ ಜೊತೆ ನನ್ನ ಪುಸ್ತಕದ ಏಳನೆಯ ಅಧ್ಯಾಯ ಇಟ್ಟಿದ್ದೇನೆ. ಹೆಣೆದುಕೊಂಡ ಕಣಗಳ ಅಧ್ಯಾಯ, ಒಟ್ಟಿಗೆ ಹುಟ್ಟಿ ದೂರ ಹೋದ ಮೇಲೂ ಒಂದಕ್ಕೊಂದು ಹೊಂದುವ ಜೋಡಿಗಳದ್ದು. ನೀನು ಆ ದೂರದ ಪ್ರಯೋಗಶಾಲೆಯಲ್ಲಿ ಕೂತು ದಿನಾ ಫೋಟಾನುಗಳ ಜೋಡಿ ಎಣಿಸುವವಳು. ನಾನು ಕಾಲೇಜಿನ ಕರಿಹಲಗೆಯ ಮುಂದೆ ನಿಂತು ಅವುಗಳ ಪರವಾಗಿ ವಕಾಲತ್ತು ಮಾಡುವವಳು. ಕೆಂಪು ಪೆನ್ಸಿಲ್ ಹಿಡಿದೇ ಓದು, ಮುಲಾಜು ಬೇಡ.

ಜನ ಕೇಳುವ ಎರಡು ಪ್ರಶ್ನೆಗಳಿಗಾಗಿಯೇ ಇದನ್ನು ಬರೆದೆ. ಒಂದು ಕಣವನ್ನು ಇಲ್ಲಿ ಮುಟ್ಟಿದರೆ ಅದರ ಜೋಡಿ ಅಲ್ಲಿ ಜುಮ್ಮೆನ್ನುತ್ತದೆಯಂತೆ, ಹೌದೇ? ಹಾಗಿದ್ದರೆ ಬೆಳಕಿಗಿಂತ ಬೇಗ ಸುದ್ದಿ ಕಳಿಸಬಹುದಲ್ಲ? ಎರಡಕ್ಕೂ ಇಲ್ಲ ಅಂದಿದ್ದೇನೆ. ಒಂದು ಜೊತೆ ಕೈಗವಸಿನ ಉದಾಹರಣೆ ಕೊಟ್ಟಿದ್ದೇನೆ. ಎಲ್ಲವೂ ಮೊದಲೇ ನಿಗದಿಯಾಗಿದೆ ಅನ್ನುವ ನಿಯತಿವಾದ ಇಲ್ಲಿಗೆ ಸತ್ತಿತು ಎಂದು ಮುಗಿಸಿದ್ದೇನೆ. ಓದುವುದಕ್ಕೆ ಚೆನ್ನಾಗಿದೆ.

ಇವರು ಆರಾಮ. ಈಗಲೂ ಅದೇ ಕಾರ್ಯಾಗಾರ, ಅದೇ ಲೇತ್ ಯಂತ್ರ. ನಾವಿಬ್ಬರೂ ಸಂಶೋಧನೆ ಮಾಡುವಾಗ ನಮ್ಮ ಉಪಕರಣಗಳಿಗೆ ಹಿತ್ತಾಳೆ ತಿರುವುತ್ತ ನಿಂತು, ನಿನಗೆ ಸೂಜಿ, ನನಗೆ ಸುತ್ತಿಗೆ ಎಂದು ಹೆಸರಿಟ್ಟ ಮೇಸ್ತ್ರಿ. ಸುತ್ತಿಗೆ ಎಂದು ಗೊತ್ತಿದ್ದೂ ಮದುವೆಯಾದರು, ಪಾಪ. ನಿನ್ನ ಕಾಗದ ಬಂದ ದಿನ ಚಹಾ ಕುಡಿಯುವಾಗ ಓದಿ ಹೇಳುತ್ತೇನೆ. ಹೂಂ ಅನ್ನುತ್ತಾರೆ, ಅಷ್ಟೇ.

ಒಂದು ತಮಾಷೆ. ಓದುವ ಕನ್ನಡಕ ಬಂತು ಅಂತ ಡಿಸೆಂಬರಿನಲ್ಲಿ ನೀನು ಬರೆದಿದ್ದೆ. ಇವರಿಗೂ ಅದೇ ವಾರ ಬಂತು. ಚಹಾಕ್ಕೆ ಸಕ್ಕರೆ ಬಿಟ್ಟೆ ಅಂದೆ; ಇವರೂ ಬಿಟ್ಟರು. ನಿಮ್ಮಿಬ್ಬರನ್ನೂ ಅಧ್ಯಾಯಕ್ಕೆ ಹಾಕಿಬಿಡಲೇ?

ನಿನ್ನ
ಸುತ್ತಿಗೆ

೨೭ ಫೆಬ್ರವರಿ ೧೯೮೯

ಸುತ್ತಿಗೆ,

ಅಧ್ಯಾಯ ಓದಿದೆ. ಎರಡು ಮಾತು ಸರಿಯಾಗಿ ಹೇಳಿ ಮೂರನೆಯದರಲ್ಲಿ ಎಡವಿದ್ದೀಯ.

ಸುದ್ದಿ ಕಳಿಸಲಾಗದು ಅನ್ನುವುದು ನಿಜ, ಆದರೆ ಯಾಕೆ ಅಂತ ಬಿಡಿಸಿ ಹೇಳು. ನನ್ನ ತುದಿಯಲ್ಲಿ ಫೋಟಾನಿಗೆ ಅಡ್ಡವಾಗಿಟ್ಟ ಗಾಜನ್ನು ನಾನು ಯಾವ ಕೋನಕ್ಕೆ ತಿರುಗಿಸಿದರೂ ಆ ತುದಿಯಲ್ಲಿ ಎಣಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಪಟ್ಟಿಯಲ್ಲಿ ‘ದಾಟಿತು, ದಾಟಲಿಲ್ಲ’ ಎಂಬುದು ನಾಣ್ಯ ಹಾರಿಸಿದ ಹಾಗೆ ಇರುತ್ತದೆ. ನನ್ನದೂ ಹಾಗೆಯೇ. ಎರಡು ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ತಂದಿಟ್ಟ ಮೇಲೆ ಮಾತ್ರ ಹೊಂದಿಕೆ ಕಾಣುತ್ತದೆ. ಆ ಪಟ್ಟಿ ನಮ್ಮಲ್ಲಿಗೆ ಬರುವುದು ಕಾರಿಡಾರಿನಲ್ಲಿ ನಡೆದುಕೊಂಡು.

ಕೈಗವಸಿಗೇ ನಿಲ್ಲಿಸಬೇಡ. ಒಂದು ಪೆಟ್ಟಿಗೆಯಲ್ಲಿ ಎಡಗೈಯದಿದ್ದರೆ ಇನ್ನೊಂದರಲ್ಲಿ ಬಲಗೈಯದು, ಅದರಲ್ಲಿ ಪವಾಡವೇನಿದೆ? ಎರಡು ತುದಿಯಲ್ಲೂ ಬೇರೆ ಬೇರೆ ಕೋನವಿಟ್ಟು ಕೇಳಿದಾಗಲೇ ಕೈಗವಸಿನ ಕತೆ ಸೋಲುವುದು. ಆಗ ಸಿಗುವ ಹೊಂದಿಕೆ, ಮೊದಲೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಯಾವ ಉತ್ತರದಿಂದಲೂ ಬರಲಾರದಷ್ಟು ಹೆಚ್ಚು.

ಇನ್ನು, ನಿಯತಿವಾದ ಸತ್ತಿಲ್ಲ. ಕಣಕ್ಕೆ ಒಂದು ಅಲೆ ದಾರಿ ತೋರುತ್ತದೆ ಅನ್ನುವ ಸಿದ್ಧಾಂತ ನಿನಗೂ ಗೊತ್ತು. ಅದರಲ್ಲಿ ದಾಳವೇ ಇಲ್ಲ, ಎಲ್ಲವೂ ಹೊರಟಾಗಲೇ ನಿಗದಿ, ಮತ್ತು ಅದರ ಲೆಕ್ಕ ನಮ್ಮ ಎಣಿಕೆಗೆ ಒಂದಿಷ್ಟೂ ತಪ್ಪುವುದಿಲ್ಲ. ಆದರೆ ಆ ಅಲೆಗೆ ದೂರ ಅನ್ನುವುದಿಲ್ಲ. ಅಲ್ಲಿ ಗಾಜು ತಿರುಗಿದರೆ ಇಲ್ಲಿ ಕಣದ ದಾರಿ ಬದಲಾದೀತು. ಹಾಗಿದ್ದೂ ಸುದ್ದಿ ಕಳಿಸಲಾಗದು, ಏಕೆಂದರೆ ಕಣ ಸರಿಯಾಗಿ ಎಲ್ಲಿಂದ ಹೊರಟಿತು ಎಂಬುದು ನಮ್ಮಲ್ಲಿ ಯಾರಿಗೂ ತಿಳಿಯದು. ಸತ್ತದ್ದು ‘ಅವರವರ ಮನೆಯ ಪಾಡು ಅವರವರಿಗೆ’ ಅನ್ನುವ ನಿಯತಿವಾದ ಮಾತ್ರ.

ಇಲ್ಲಿ ಚಳಿ ಇಳಿದಿದೆ. ಹಳೆಯ ಸೈಕಲ್ಲೊಂದನ್ನು ತಂದು ರಿಪೇರಿ ಮಾಡಿಕೊಂಡೆ. ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ.

ಸೂಜಿ

೧೬ ಮಾರ್ಚ್ ೧೯೮೯

ಸೂಜಿ,

ನಿನ್ನ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡೆ. ಅಧ್ಯಾಯದ ಮಾತು ಅಲ್ಲಿಗೆ ಬಿಡು.

ನಿನ್ನ ಕಾಗದ ನನ್ನ ಕೈ ಸೇರಿದ್ದು ಮಾರ್ಚ್ ಹನ್ನೊಂದಕ್ಕೆ. ಮಾರ್ಚ್ ಆರಕ್ಕೆ ಇವರು ಅಟ್ಟದ ಮೇಲಿದ್ದ ಸೈಕಲ್ಲನ್ನು ಕೆಳಗಿಳಿಸಿ, ಚೈನಿಗೆ ಎಣ್ಣೆ ಹಾಕಿ, ಎರಡು ಟಯರನ್ನೂ ಬದಲಿಸಿ ಕೆಲಸಕ್ಕೆ ಹೊರಟರು. ಹದಿನಾಲ್ಕು ವರ್ಷ ಮುಟ್ಟದಿದ್ದ ಸೈಕಲ್ಲು ಕಣೇ. ಯಾಕೆ ಅಂದರೆ, ಹೀಗೇ ಅನ್ನಿಸಿತು ಅಂದರು. ಹೀಗೇ ಯಾರಿಗಾದರೂ ಸೈಕಲ್ಲು ಅನ್ನಿಸುತ್ತದೆಯೇ?

ಆಮೇಲೆ ನಾನು ಕೂತು ಪಟ್ಟಿ ಮಾಡಿದೆ. ನಿನ್ನ ಎರಡು ವರ್ಷದ ಕಾಗದಗಳು ಒಂದು ಕಡೆ, ನನ್ನ ದಿನಚರಿ ಇನ್ನೊಂದು ಕಡೆ. ಕನ್ನಡಕ, ಸಕ್ಕರೆ, ಸೈಕಲ್ಲು, ಕುಂಡದಲ್ಲಿ ಟೊಮೆಟೊ, ಎಡಮಂಡಿಯ ನೋವು, ರೇಡಿಯೋ ಸುದ್ದಿ ಕೇಳುವುದನ್ನು ಬಿಟ್ಟದ್ದು, ಇನ್ನೂ ಮೂರು ಚಿಲ್ಲರೆ ಸಂಗತಿ. ಒಟ್ಟು ಒಂಬತ್ತು. ಒಂಬತ್ತರಲ್ಲಿ ನನಗೆ ಒಂದೂ ಬಂದಿಲ್ಲ. ಮನೆಯಲ್ಲಿ ಜೊತೆಗಿರುವವಳು ನಾನು, ಹೊಂದಿಕೆ ಮಾತ್ರ ನಿಮ್ಮಿಬ್ಬರಿಗೆ.

ಇನ್ನೊಂದು ವಿಷಯ. ಹನ್ನೊಂದು ವರ್ಷದಿಂದ ನಿನಗೆ ಬರೆಯುತ್ತಿದ್ದೇನೆ. ಒಮ್ಮೆಯಾದರೂ ಇವರು ‘ನನ್ನದೂ ಒಂದು ಸಾಲು ಸೇರಿಸು’ ಅಂದಿಲ್ಲ. ಇಷ್ಟು ವರ್ಷ ಅದನ್ನು ಸಂಕೋಚ ಅಂದುಕೊಂಡಿದ್ದೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ನನಗೆ ಹೊಟ್ಟೆ ಉರಿಯುತ್ತಿದೆ. ಬಾಯಿಬಿಟ್ಟು ಹೇಳಲು ನಾಚಿಕೆ, ಆದರೂ ಹೇಳುತ್ತಿದ್ದೇನೆ. ಒಂದೇ ಪ್ರಶ್ನೆ: ಇವರು ನಿನಗೆ ಬರೆಯುತ್ತಾರೆಯೇ?

ಸುತ್ತಿಗೆ

೯ ಏಪ್ರಿಲ್ ೧೯೮೯

ಸುತ್ತಿಗೆ,

ಒಂಬತ್ತು ಹೊಂದಿದವು ಸರಿ. ಹೊಂದದೇ ಇದ್ದವು ಎಷ್ಟು? ಎರಡು ವರ್ಷದಲ್ಲಿ ನಾನು ಏನಿಲ್ಲವೆಂದರೂ ಇನ್ನೂರು ಸಂಗತಿ ಬರೆದಿದ್ದೇನೆ. ನನಗೆ ಹಲ್ಲು ಕಿತ್ತರು, ಮೇಸ್ತ್ರಿಗೆ ಕಿತ್ತರೇ? ನಾನು ಮನೆ ಬದಲಿಸಿದೆ, ನೀವು ಬದಲಿಸಿದಿರಾ? ಜೋಡಿಯಾಗಿ ಬಂದ ಎಣಿಕೆ ಮಾತ್ರ ಇಟ್ಟುಕೊಂಡು ಒಂಟಿ ಎಣಿಕೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೆ ಯಾವ ಎರಡು ಪಟ್ಟಿಯಾದರೂ ಅವಳಿಜವಳಿ ಆಗುತ್ತವೆ. ಸಂಶೋಧನೆಯ ಮೊದಲ ವರ್ಷ ನಾವಿಬ್ಬರೂ ಇದೇ ತಪ್ಪು ಮಾಡಿ ಪ್ರೊಫೆಸರ್ ಕೈಲಿ ಬೈಸಿಕೊಂಡಿದ್ದೆವು.

ನನಗೂ ಮೇಸ್ತ್ರಿಗೂ ನಲವತ್ತೈದು. ಈ ವಯಸ್ಸಿಗೆ ಕಣ್ಣೂ ಮಂಡಿಯೂ ಯಾರನ್ನೂ ಕೇಳಿಕೊಂಡು ಹೋಗುವುದಿಲ್ಲ. ನಿನಗೆ ಮೂವತ್ತೊಂಬತ್ತು, ಕಾದು ನೋಡು. ಸಕ್ಕರೆ, ಟೊಮೆಟೊ, ರೇಡಿಯೋ? ನನ್ನ ಕಾಗದವನ್ನು ಚಹಾದ ಹೊತ್ತಿನಲ್ಲಿ ಅವರಿಗೆ ಗಟ್ಟಿಯಾಗಿ ಓದುವವಳು ನೀನೇ. ಹಾಗಾದರೆ ನಮ್ಮಿಬ್ಬರ ಅಂಚೆಯವಳೂ ನೀನೇ. ಸೈಕಲ್ಲೊಂದು ಕಾಕತಾಳೀಯ.

ಪುಸ್ತಕ ಬೇಗ ಮುಗಿಸು.

ಸೂಜಿ

೨೮ ಏಪ್ರಿಲ್ ೧೯೮೯

ಸೂಜಿ,

ಹೌದೋ ಇಲ್ಲವೋ ಅಂತ ಕೇಳಿದರೆ ಪಾಠ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎಲ್ಲ ಇದೆ, ‘ಇಲ್ಲ’ ಅನ್ನುವ ಎರಡಕ್ಷರ ಮಾತ್ರ ಇಲ್ಲ.

ಸರಿ, ನಿನ್ನ ದಾರಿಯಲ್ಲೇ ಬರುತ್ತೇನೆ. ಒಂಟಿ ಎಣಿಕೆ ಎಸೆಯದೆ ಸರಿಯಾದ ಪ್ರಯೋಗವನ್ನೇ ಮಾಡೋಣ. ಇದರೊಳಗೆ ಅರಗು ಹಾಕಿ ಮುಚ್ಚಿದ ಲಕೋಟೆಯಿದೆ. ಅದರಲ್ಲಿ ಹನ್ನೆರಡು ಪ್ರಶ್ನೆ, ಹೌದು ಅಥವಾ ಇಲ್ಲ ಅಂದರೆ ಸಾಕು. ಕೆಲಸ ಮಾಡುವಾಗ ಕಿಟಕಿ ತೆರೆದಿರಬೇಕೇ? ನಿಮ್ಮ ಹತಾರ ಇನ್ನೊಬ್ಬರಿಗೆ ಕೊಡುತ್ತೀರಾ? ಯಾರಾದರೂ ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತೀರಾ? ಮತ್ತೆ ಹುಟ್ಟಿದರೆ ಇದೇ ಕಸುಬು ಹಿಡಿಯುತ್ತೀರಾ? ಹೀಗೆ. ಹನ್ನೆರಡನೆಯದು, ಬದುಕು ಬೇರೆ ರೀತಿ ಆಗಬೇಕಿತ್ತು ಅಂತ ಎಂದಾದರೂ ಅನ್ನಿಸಿದೆಯೇ? ಮೇ ಇಪ್ಪತ್ತೊಂದು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ನೀನು ಅಲ್ಲಿ ಒಡೆದು ಬರೆ. ಅದೇ ದಿನ ಇವರು ಇಲ್ಲಿ ಬರೆಯುತ್ತಾರೆ. ಪುಸ್ತಕಕ್ಕೆ ಬೇಕು ಅಂತ ಸುಳ್ಳು ಹೇಳಿದ್ದೇನೆ.

ಕದ್ದು ಬರೆದುಕೊಳ್ಳುವವರು ವರ್ಷಗಟ್ಟಲೆ ಬರೆದುಕೊಂಡರೆ ಒಬ್ಬರ ಉತ್ತರ ಇನ್ನೊಬ್ಬರ ಬಾಯಿಗೆ ಬಂದಿರುತ್ತದೆ. ಆರರ ಆಸುಪಾಸು ಹೊಂದಿದರೆ ಅದು ನಾಣ್ಯ, ನಾನು ನಿನ್ನ ಕಾಲಿಗೆ ಬೀಳುತ್ತೇನೆ. ಹತ್ತು ದಾಟಿದರೆ ಅಕ್ಕನ ಮನೆಗೆ ಹೊರಡುತ್ತೇನೆ. ಸೂಟ್‌ಕೇಸು ತುಂಬಿ ಮಂಚದ ಕೆಳಗಿಟ್ಟಿದ್ದೇನೆ. ಹದಿನೇಳು ವರ್ಷದ ಸಂಸಾರ, ನಾನು ತಮಾಷೆ ಮಾಡುತ್ತಿಲ್ಲ.

ಸುತ್ತಿಗೆ

೨೧ ಮೇ ೧೯೮೯

ಸುತ್ತಿಗೆ,

ಹನ್ನೊಂದಕ್ಕೆ ಒಡೆದೆ, ಹನ್ನೊಂದೂ ಕಾಲಿಗೆ ಮುಗಿಸಿದೆ. ಹಾಳೆ ಇದರೊಳಗಿದೆ. ಸೂಟ್‌ಕೇಸಿನ ಬಟ್ಟೆ ಬೀರುವಿಗೆ ಹಾಕು.

ಸೂಜಿ

೧೧ ಜೂನ್ ೧೯೮೯

ಸೂಜಿ,

ನಿನ್ನ ಹಾಳೆ ಬಂದದ್ದು ಜೂನ್ ಮೂರು, ಶನಿವಾರ. ಇವರ ಹಾಳೆಯ ಪಕ್ಕದಲ್ಲಿಟ್ಟು ನೋಡಿದೆ. ಒಂದೂ ಹೊಂದಲಿಲ್ಲ! ಇವರು ಇಲ್ಲ ಅಂದಲ್ಲಿ ನೀನು ಹೌದು, ಇವರು ಹೌದು ಅಂದಲ್ಲಿ ನೀನು ಇಲ್ಲ. ನನಗೆ ಆದ ಸಂತೋಷ ಹೇಳತೀರದು. ನಕ್ಕೆ, ಅತ್ತೆ, ಸೂಟ್‌ಕೇಸಿನ ಬಟ್ಟೆ ಬೀರುವಿಗೆ ಹಾಕಿದೆ. ಇವರ ಬೆನ್ನಿಗೊಂದು ಗುದ್ದು ಕೊಟ್ಟು, ಏನೂ ಇಲ್ಲ ಅಂದೆ. ನಿನಗೆ ಕ್ಷಮಾಪಣೆಯ ಕಾಗದ ಬರೆಯಲು ಒಳ್ಳೆಯ ಹಾಳೆ ಕೂಡ ತಂದೆ.

ಮಂಗಳವಾರ ತರಗತಿಯಲ್ಲಿ ಇದೇ ಪಾಠ. ಕರಿಹಲಗೆಯ ಮೇಲೆ ಎರಡು ಸಾಲು ಬರೆದೆ, ಒಂದರಲ್ಲಿ ಹೌದು ಇರುವಲ್ಲಿ ಇನ್ನೊಂದರಲ್ಲಿ ಇಲ್ಲ. ವರ್ಷಾ ವರ್ಷಾ ಹೇಳುವ ಮಾತು ಬಾಯಿಗೆ ಬಂತು: ‘ಯಾವಾಗಲೂ ಉಲ್ಟಾ ಬಂದರೆ ಸಂಬಂಧ ಇಲ್ಲ ಅಂತಲ್ಲ, ಪೂರ್ತಿ ಸಂಬಂಧ ಇದೆ ಅಂತ.’ ಹೇಳಿದವಳೂ ನಾನೇ, ಕೇಳಿಸಿಕೊಂಡವಳೂ ನಾನೇ. ಸೀಮೆಸುಣ್ಣ ಕೆಳಗಿಟ್ಟೆ. ತಲೆನೋವು ಅಂತ ತರಗತಿ ಬಿಟ್ಟೆ.

ಒಂದೊಂದು ಉತ್ತರಕ್ಕೂ ನಾಣ್ಯ ಹಾರಿಸಿದವಳು ಆರಾದರೂ ಹೊಂದಿಸುತ್ತಿದ್ದಳು. ಹನ್ನೆರಡಕ್ಕೆ ಹನ್ನೆರಡೂ ತಪ್ಪುವುದು ನಾಲ್ಕು ಸಾವಿರದ ತೊಂಬತ್ತಾರರಲ್ಲಿ ಒಂದು ಸಲ. ಅಷ್ಟೂ ತಪ್ಪಬೇಕಾದರೆ ಅಷ್ಟೂ ಗೊತ್ತಿರಬೇಕು. ಇವರು ಏನು ಬರೆಯುತ್ತಾರೆ ಅಂತ ಪ್ರತಿಯೊಂದಕ್ಕೂ ನಿನಗೆ ಗೊತ್ತಿತ್ತು, ಗೊತ್ತಿದ್ದೇ ಉಲ್ಟಾ ಬರೆದೆ. ನನ್ನನ್ನು ಸಮಾಧಾನ ಮಾಡಲು ಹೋಗಿ ಸಿಕ್ಕಿಬಿದ್ದೆ ಕಣೇ. ಕದಿಯುವುದಕ್ಕೂ ಬುದ್ಧಿ ಬೇಕು. ನಿನಗೆ ಅದು ಒಂದು ಹಿಡಿ ಹೆಚ್ಚಾಯಿತು.

ನಾಳೆ ಅಕ್ಕನ ಮನೆಗೆ ಹೊರಡುತ್ತೇನೆ. ವಿಳಾಸ ಈ ಹಾಳೆಯ ಬೆನ್ನಿಗೆ ಬರೆದಿದ್ದೇನೆ. ಇವರಿಗೆ ಕಾರಣ ಹೇಳಿಲ್ಲ. ‘ಯಾವಾಗ ಬರ್ತೀಯ?’ ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಸುತ್ತಿಗೆ

೩೦ ಜುಲೈ ೧೯೮೯

ಅಕ್ಕನ ಮನೆಯಿಂದ.

ಏಳು ವಾರ ಆಯಿತು. ಮೌನವೂ ಒಂದು ಉತ್ತರವೇ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಕ್ಷರದಲ್ಲಿ ಬೇಕು.

೧೯ ಆಗಸ್ಟ್ ೧೯೮೯

ಸುತ್ತಿಗೆ,

ಇಲ್ಲ. ಮೇಸ್ತ್ರಿ ನನಗೆ ಒಂದು ಅಕ್ಷರವನ್ನೂ ಬರೆದಿಲ್ಲ. ನಾನೂ ಬರೆದಿಲ್ಲ. ನೀನು ಏಪ್ರಿಲಿನಲ್ಲಿ ಕೇಳಿದ ಎರಡಕ್ಷರ ಇದು. ಆಗ ಯಾಕೆ ಬರೆಯಲಿಲ್ಲ ಅಂದರೆ, ಅದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ. ಅವರು ಬರೆಯುವುದಿಲ್ಲ ಅಂತ ನನ್ನ ಕೈಯಾರೆ ಬರೆದು ಸಹಿ ಹಾಕುವುದು ಅಷ್ಟು ಸುಲಭವಾಗಿರಲಿಲ್ಲ.

ಇಲ್ಲಿಗೆ ಬಂದ ಮೊದಲ ಎರಡು ವರ್ಷ ಅಂಚೆಪೆಟ್ಟಿಗೆ ತೆರೆದು ನಿನ್ನ ಕೈಬರಹ ಕಂಡಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು. ಹೇಳಬಾರದ ಮಾತು, ಹೇಳಿದ್ದೇನೆ. ನೀನು ಆರು ತಿಂಗಳಿಂದ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೀಯ. ನಾನು ನಿನ್ನ ಮೇಲೆ ಹದಿನೇಳು ವರ್ಷದಿಂದ.

ಹೇಗೆ ಗೊತ್ತಾಯಿತು ಅಂತ ಕೇಳುತ್ತೀಯ. ನಾಲ್ಕು ವರ್ಷ ಆ ಕಾರ್ಯಾಗಾರದಲ್ಲಿ ಸ್ಟೂಲಿನ ಮೇಲೆ ಕೂತು ನನ್ನ ಉಪಕರಣದ ಭಾಗಗಳಿಗಾಗಿ ಕಾಯುತ್ತಿದ್ದೆ. ಬೇಗ ಆಗುವ ಕೆಲಸಕ್ಕೂ ಕಾಯುತ್ತಿದ್ದೆ. ಧೂಳು ಬರುತ್ತದೆ ಅಂತ ಅವರು ಕಿಟಕಿ ಮುಚ್ಚುತ್ತಿದ್ದರು. ಲೋಹ ಉಜ್ಜುವ ಅರ ಕೇಳಿದರೆ ಕೊಡುತ್ತಿರಲಿಲ್ಲ, ತಾವೇ ಬಂದು ಉಜ್ಜಿಕೊಟ್ಟು ಹೋಗುತ್ತಿದ್ದರು. ಪ್ರೊಫೆಸರು ಅಳತೆ ತಪ್ಪಾಗಿ ಹೇಳಿದರೂ ಅಲ್ಲೇ ತಿದ್ದದೆ, ಸರಿಯಾದ ಅಳತೆಗೆ ಮಾಡಿ ಮೇಜಿನ ಮೇಲಿಡುತ್ತಿದ್ದರು. ಹಿತ್ತಾಳೆಯ ಬದಲು ಮರದ ಕೆಲಸ ಕಲಿಯಬೇಕಿತ್ತು ಅಂತ ಒಮ್ಮೆ ಅಂದಿದ್ದರು. ನೀನು ಬಂದೊಡನೆ ಮಾತಾಡುವವಳು, ಅವರು ನಗುತ್ತಿದ್ದರು. ನಾನು ನೋಡುವವಳು. ನಗುವಿಗೇ ಮನೆ ಸಿಕ್ಕಿತು, ಅದರಲ್ಲಿ ತಪ್ಪೇನಿಲ್ಲ.

ಸೂಟ್‌ಕೇಸಿನ ಮಾತು ಓದಿ ನನಗೆ ಹೆದರಿಕೆಯಾಯಿತು. ಒಂದೇ ಕಾರ್ಯಾಗಾರದಲ್ಲಿ ಬೆಳೆದವರು, ಹತ್ತು ಹೊಂದಿಬಿಟ್ಟರೆ? ಅದಕ್ಕೇ ಹನ್ನೊಂದು ಉತ್ತರವನ್ನು ಬೇಕೆಂದೇ ಅವರದಕ್ಕೆ ತಿರುಗಿಸಿ ಬರೆದೆ. ಒಂದೆರಡು ಬಿಟ್ಟಿದ್ದರೆ ನಿನಗೆ ತಿಳಿಯುತ್ತಿರಲಿಲ್ಲ. ದಿನಾ ಉಲ್ಟಾ ಜೋಡಿಗಳನ್ನೇ ಎಣಿಸುವ ನನಗೆ ಅದು ಹೊಳೆಯಲಿಲ್ಲ, ನೋಡು. ಬೇರೆಯವರ ಲೆಕ್ಕದಲ್ಲಿ ಈ ತಪ್ಪು ಕಂಡಿದ್ದರೆ ನಾನೇ ನಗುತ್ತಿದ್ದೆ.

ಹನ್ನೆರಡನೆಯದನ್ನು ಮಾತ್ರ ತಿರುಗಿಸಲಿಲ್ಲ. ಅದು ನನ್ನದೇ ಉತ್ತರ. ಬೇರೆ ರೀತಿ ಆಗಬೇಕಿತ್ತು ಅಂತ ಅನ್ನಿಸಿದೆಯೇ? ಹೌದು. ಅದೂ ಉಲ್ಟಾ ಬಂತು ಅಂತ ನಿನ್ನ ಕಾಗದದಿಂದ ತಿಳಿಯಿತು. ಅಂದರೆ ಅವರು ‘ಇಲ್ಲ’ ಅಂದಿದ್ದಾರೆ. ನಿನಗೆ ಬರೆಯಲು ಇಷ್ಟು ವಾರ ಬೇಕಾದದ್ದು ಅದಕ್ಕೇ.

ಇದನ್ನೆಲ್ಲ ಹೆಣೆದುಕೊಂಡ ಕಣಗಳ ಅಧ್ಯಾಯಕ್ಕೆ ಹೋಲಿಕೆಯಾಗಿ ತುರುಕಬೇಡ. ಫೋಟಾನಿಗೆ ಹೊಟ್ಟೆಯಿಲ್ಲ, ಕಿಚ್ಚೂ ಇಲ್ಲ. ನಾವು ಮೂವರು ಒಂದು ಕೋಣೆಯಲ್ಲಿದ್ದೆವು, ಒಬ್ಬಳು ಹೊರಗೆ ಬಂದಳು. ಅಷ್ಟೇ. ಮನೆಗೆ ಹೋಗು.

ಸೂಜಿ

೧೦ ಸೆಪ್ಟೆಂಬರ್ ೧೯೮೯

ಸೂಜಿ,

ನಿನ್ನ ಕಾಗದವನ್ನು ಅಕ್ಕನ ಮನೆಯ ಹಿತ್ತಲಲ್ಲಿ ಕೂತು ಓದಿದೆ. ಅಕ್ಕ ಎರಡು ಸಲ ಬಂದು ಯಾರಾದರೂ ಹೋಗಿಬಿಟ್ಟರಾ ಅಂತ ಕೇಳಿದಳು. ಇಲ್ಲ ಅಂದೆ.

ನಿನ್ನ ಮೇಲೆ ಮೊದಲು ಸಿಟ್ಟೇ ಬಂತು. ನನ್ನ ಗಂಡನನ್ನು ಸ್ಟೂಲಿನ ಮೇಲೆ ಕೂತು ನಾಲ್ಕು ವರ್ಷ ಓದಿಕೊಂಡು ಹೋಗಿದ್ದೀಯ, ಒಂದು ಮಾತೂ ಕದಿಯದೆ. ಕದ್ದಿದ್ದರೆ ಬೈಯಬಹುದಿತ್ತು. ಈಗ ಏನಂತ ಬೈಯಲಿ?

ನಾನು ನಿನಗೆ ಹೇಳದೆ ಉಳಿಸಿಕೊಂಡ ವಿಷಯ ಒಂದಿದೆ. ಮೇ ಇಪ್ಪತ್ತೊಂದರಂದು ಮೂರನೆಯ ಹಾಳೆಯೂ ಇತ್ತು. ಇವರು ಆಚೆ ಕೋಣೆಯಲ್ಲಿ ಪೆನ್ಸಿಲ್ ಮೊನೆ ಮಾಡಿಕೊಂಡು ಬರೆಯುತ್ತಿದ್ದಾಗ, ಅಡುಗೆಮನೆಯಲ್ಲಿ ಕೂತು ಇವರು ಏನು ಬರೆಯುತ್ತಾರೆ ಅಂತ ನಾನೂ ಬರೆದು, ಮಡಿಚಿ ಲಕೋಟೆಗೆ ಹಾಕಿ ಅಂಟಿಸಿದ್ದೆ. ಪ್ರಯೋಗ ಅಂದ ಮೇಲೆ ಹೋಲಿಸಿ ನೋಡಲು ಒಂದು ಸರಿಯಾದ ಹಾಳೆ ಬೇಕಲ್ಲ. ಅದನ್ನು ಒಡೆದು ನೋಡಿರಲಿಲ್ಲ. ನೋಡುವುದೇನಿದೆ, ಹೆಂಡತಿಯ ಹಾಳೆ, ಹನ್ನೆರಡಕ್ಕೆ ಹನ್ನೆರಡು ಅಂತ ಇತ್ತು.

ನಿನ್ನ ಕಾಗದ ಓದಿದ ಮೇಲೆ ಒಡೆದೆ. ಏಳು ಸರಿ, ಐದು ತಪ್ಪು. ನಾಣ್ಯ ಹಾರಿಸಿದ್ದರೆ ಆರು ಬರುತ್ತಿತ್ತು ಮಾರಾಯ್ತಿ. ಹದಿನೇಳು ವರ್ಷಕ್ಕೆ ನನ್ನ ಸಂಪಾದನೆ ನಾಣ್ಯಕ್ಕಿಂತ ಒಂದು ಹೆಚ್ಚು. ದೀಪದ ಬುಡದಲ್ಲಿ ಕತ್ತಲೆ ಅಂತ ಬೇರೆಯವರಿಗೆ ಹೇಳುತ್ತಿದ್ದೆ. ಕಿಟಕಿ ತೆರೆದಿರಬೇಕು ಅಂತ ಬರೆದಿದ್ದೆ. ಮನೆಯಲ್ಲಿ ಇಷ್ಟು ವರ್ಷ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟವಳು ನಾನು. ಇವರು ಒಂದು ದಿನವೂ ಮುಚ್ಚು ಅಂದಿಲ್ಲ. ಮರದ ಕೆಲಸದ ಆಸೆ ಇತ್ತು ಅಂತ ನಿನ್ನಿಂದ ತಿಳಿಯಬೇಕಾಯಿತು.

ಮೊನ್ನೆ ಮನೆಗೆ ಬಂದೆ. ಇವರು ಬಾಗಿಲು ತೆರೆದು, ಸೂಟ್‌ಕೇಸು ತೆಗೆದುಕೊಂಡು ಒಳಗಿಟ್ಟರು. ‘ಊಟ ಆಯ್ತಾ?’ ಅಂತ ಕೇಳಿದರು. ಆಗಿಲ್ಲ ಅಂದೆ. ಇಬ್ಬರೂ ಉಂಡೆವು. ತಟ್ಟೆ ತೊಳೆಯುವಾಗ, ಸೈಕಲ್ಲು ಯಾಕೆ ಇಳಿ‌ಸಿದಿರಿ, ನಿಜ ಹೇಳಿ ಅಂದೆ. ಬರೀ ನೋವಲ್ಲ, ಮಂಡಿ ಮಡಚುತ್ತಲೇ ಇರಲಿಲ್ಲ, ಡಾಕ್ಟರು ತುಳಿಯಲು ಹೇಳಿದರು, ನಿನಗೆ ಹೇಳಿದ್ದರೆ ಗಾಬರಿಯಾಗುತ್ತಿದ್ದೆ ಅಂದರು. ಇಷ್ಟೇ ಇತ್ತು. ಇಷ್ಟಕ್ಕೆ ನಾನು ಪಟ್ಟಿ ಮಾಡಿದ್ದೆ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿದೆ ಅಂದುಕೊಳ್ಳಬೇಡ, ಹೆಚ್ಚಾಗಿದೆ. ಮೊದಲು ನನ್ನದನ್ನು ನೀನು ತೆಗೆದುಕೊಂಡೆ ಅಂತಿತ್ತು. ಈಗ, ನನ್ನ ಮುಂದೆಯೇ ಇದ್ದುದನ್ನು ನೋಡಿದವಳು ನೀನು, ನಾನಲ್ಲ ಅಂತ. ಇದಕ್ಕೆ ಔಷಧ ಗೊತ್ತಿಲ್ಲ. ಕಾಗದ ನಿಲ್ಲಿಸೋಣ ಅಂತ ಬರೆಯಲು ಕೂತವಳು ಅದನ್ನು ಬರೆಯಲಾರದೆ ಇಷ್ಟುದ್ದ ಬರೆದಿದ್ದೇನೆ. ಬರೆಯುತ್ತಿರು. ಇನ್ನು ಮೇಲೆ ಗಟ್ಟಿಯಾಗಿ ಓದುವುದಿಲ್ಲ.

ತಪ್ಪಿದ ಐದರಲ್ಲಿ ನಾಲ್ಕಕ್ಕೆ ಕಾರಣ ಇವರನ್ನೇ ಕೇಳಿ ತಿಳಿದುಕೊಂಡೆ. ಐದನೆಯದು ಆ ಹನ್ನೆರಡನೆಯ ಪ್ರಶ್ನೆ. ಬದುಕು ಬೇರೆ ರೀತಿ ಆಗಬೇಕಿತ್ತು ಅಂತ ಎಂದಾದರೂ ಅನ್ನಿಸಿದೆಯೇ ಎಂಬುದಕ್ಕೆ ಇವರು ಹೌದು ಅನ್ನುತ್ತಾರೆ ಅಂತ ನಾನು ಬರೆದಿದ್ದೆ. ಪೆನ್ನು ಎತ್ತದೆ, ಯೋಚಿಸದೆ ಬರೆದಿದ್ದೆ. ಹದಿನೇಳು ವರ್ಷದಿಂದ ನನಗೆ ಇದ್ದ ಭಯವೇ ಅದು, ನಿನಗೂ ಹೇಳಿರಲಿಲ್ಲ. ಇವರು ಇಲ್ಲ ಅಂದಿದ್ದಾರೆ. ಯಾಕೆ ಇಲ್ಲ ಅಂದರು ಅಂತ ನಿನಗೆ ಗೊತ್ತಿದ್ದರೂ ಬರೆಯಬೇಡ. ಇದೊಂದು ನನಗೆ ಇವರ ಬಾಯಿಂದಲೇ ಬೇಕು. ಈಗಷ್ಟೇ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಾರೆ. ಕೇಳಲು ಹೋಗುತ್ತಿದ್ದೇನೆ.

ಸುತ್ತಿಗೆ